‘ಶುದ್ಧ’ ಎಂಬ ಮಾತಿಗೆ ಜಾಮೀನು ಯಾರು?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ತಂಗಿಯ ಮಗಳು ಶಿರಸಿಯಿಂದ ದೂರವಾಣಿ ಕರೆ ಮಾಡಿದಳು. ಬೆಂಗಳೂರಿನ ಸಾಫ್ಟ್‌ವೇರ್ ನೌಕರಿ ಬಿಟ್ಟು ಊರಿಗೆ ಮರಳಿದ ಆಕೆ ನಾಲ್ಕು ವರ್ಷಗಳಿಂದ ಪುಟ್ಟದೊಂದು ಉದ್ಯಮ ನಡೆಸುತ್ತಿದ್ದಾಳೆ. ಮುರುಗಲ ತುಪ್ಪದ ಮುಲಾಮು, ತೆಂಗಿನೆಣ್ಣೆಯ ಸಾಬೂನು, ಸೀಗೆಕಾಯಿ ಮತ್ತು ಅಂಟುವಾಳದ ಪುಡಿ ಇವು ಅವಳ ಸರಕುಗಳು. ‘ಮಾವ, ಹೊಸ ಕ್ರೀಮಿನ ಡಬ್ಬಿಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡಿದೆ, ಬೂಷ್ಟು ಬಂದಿದೆ. ಮಾಡಿದ್ದು 300 ಡಬ್ಬಿ, ಅದರಲ್ಲಿ 140 ಆಗಲೇ ಗ್ರಾಹಕರ ಕೈ ಸೇರಿವೆ. ಏನು ಮಾಡಲಿ, ಹೇಳಿ’ ಎಂದಳು.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಳೆದ ನನ್ನ ಬಾಯಿಂದ ಮೊದಲು ಹೊರಟ ಪ್ರಶ್ನೆಯನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ. ‘ಯಾರಾದರೂ ಲಿಖಿತ ದೂರು ಕೊಟ್ಟಿದ್ದಾರೆಯೇ?’ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಅನಂತರ ಅವಳೆಂದಳು: ‘ದೂರು ಬಂದ ಮೇಲೆ ಏನು ಮಾಡಬೇಕೆಂದು ನನಗೂ ಗೊತ್ತು. ಬರುವ ಮೊದಲು ಏನು ಮಾಡಬೇಕು ಎನ್ನುವುದು ನನ್ನ ಪ್ರಶ್ನೆ.’

ತಪ್ಪು ಎಲ್ಲಿ ಆಗಿತ್ತು ಎಂಬುದು ಅವಳಿಗೆ ತಿಳಿದಿತ್ತು. ಮುರುಗಲ ತುಪ್ಪ ಅಪ್ಪಟ ಕೊಬ್ಬು. ಮಲೆನಾಡಿನಲ್ಲಿ ಒಡೆದ ಹಿಮ್ಮಡಿಗೆ ತಲೆಮಾರುಗಳಿಂದ ಹಚ್ಚುತ್ತ ಬಂದದ್ದು. ಅದರಲ್ಲಿ ನೀರಿನಂಶ ಇಲ್ಲದ ಕಾರಣ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಆದರೆ ನಗರದ ಗ್ರಾಹಕರು ಜಿಡ್ಡಿಲ್ಲದ, ಹಗುರವಾದ ಕ್ರೀಮು ಬೇಕೆಂದರು. ಹಾಗಾಗಿ ಲೋಳೆಸರದ ತಿರುಳು ಮತ್ತು ಗುಲಾಬಿ ನೀರು ಸೇರಿದವು. ನೀರು ಸೇರಿದ ಮೇಲೆ ಸಂರಕ್ಷಕ ದ್ರವ್ಯವೂ ಸೇರಲೇಬೇಕು. ಅವಳ ಸರಕು ತಯಾರಾಗುವ ಹುಬ್ಬಳ್ಳಿಯ ಘಟಕದಲ್ಲಿದ್ದ ರಸಾಯನಜ್ಞರು ಈ ಮಾತನ್ನು ಹೇಳಿಯೂ ಇದ್ದರು. ಆದರೆ ಖರೀದಿಸುವವರಲ್ಲಿ ಹತ್ತಕ್ಕೆ ಎಂಟು ಮಂದಿ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ‘ಪ್ರಿಸರ್ವೇಟಿವ್ ಇಲ್ಲ ತಾನೇ?’ ಎಂದು. ಅವಳು ರಸಾಯನಜ್ಞರ ಮಾತನ್ನು ಬಿಟ್ಟು ಗ್ರಾಹಕರ ಮಾತನ್ನು ಕೇಳಿದಳು. ಮಳೆಗಾಲದ ತೇವ ಉಳಿದ ಕೆಲಸ ಮಾಡಿತು.

ಮಾರಾಟದ ಸಲಹೆ ನೀಡುವ ಪರಿಚಿತರೊಬ್ಬರು, ದೂರಿದವರಿಗೆ ಮಾತ್ರ ಬೇರೆ ಡಬ್ಬಿ ಕಳಿಸಿ ಸುಮ್ಮನಿರುವಂತೆ ಹೇಳಿದ್ದರಂತೆ. ಅವಳು ಹಾಗೆ ಮಾಡಲಿಲ್ಲ. 140 ಮಂದಿಗೂ ಪತ್ರ ಬರೆದು, ಬಳಸಬೇಡಿ ಎಂದು ತಿಳಿಸಿ, ಹಣ ಹಿಂದಿರುಗಿಸಿದಳು. ಉಳಿದ 160 ಡಬ್ಬಿಗಳನ್ನು ನಾಶಪಡಿಸಿದಳು. ಮರುತಿಂಗಳು ಅವಳಿಗೆ ಬಂದ ಬೇಡಿಕೆ ಅರ್ಧಕ್ಕೆ ಇಳಿಯಿತು. ನಿಜ ಹೇಳಿದ್ದಕ್ಕೆ ಮಾರುಕಟ್ಟೆ ಕೊಟ್ಟ ಬಹುಮಾನ ಅದು.

ಇದು ಒಂದು ಮನೆಯ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ‘ಕ್ಲೀನ್ ಬ್ಯೂಟಿ’ ಎಂಬ ಹೆಸರಿನಲ್ಲಿ ಇಂದು ನೂರಾರು ಯುವ ಉದ್ಯಮಿಗಳು, ಅವರಲ್ಲೂ ಹೆಚ್ಚಾಗಿ ಹೆಣ್ಣುಮಕ್ಕಳು, ತಮ್ಮ ಉಳಿತಾಯವನ್ನು ಪಣಕ್ಕಿಟ್ಟು ಇಂಥ ಉದ್ಯಮಗಳನ್ನು ಕಟ್ಟುತ್ತಿದ್ದಾರೆ. ಸ್ಥಳೀಯ ಕಚ್ಚಾವಸ್ತು, ಚಿಕ್ಕ ಬಂಡವಾಳ, ಊರಿನಲ್ಲೇ ನಾಲ್ಕಾರು ಕೈಗಳಿಗೆ ಕೆಲಸ: ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ಮೆಚ್ಚದಿರಲು ಇದರಲ್ಲಿ ಕಾರಣವೇ ಇಲ್ಲ. ಆದರೆ ಈ ಇಡೀ ಕಟ್ಟಡ ನಿಂತಿರುವುದು ‘ಶುದ್ಧ’ ಎಂಬ ಒಂದೇ ಪದದ ಮೇಲೆ. ಆ ಪದಕ್ಕೆ ನಮ್ಮ ಪ್ರಸಾಧನ ಸಾಮಗ್ರಿಗಳ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ.

ಕಾನೂನೇ ಇಲ್ಲವೆಂದು ಇದರ ಅರ್ಥವಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ ಇದೆ. ಅದರಡಿ 2020ರಲ್ಲಿ ಹೊರಬಂದ ಪ್ರತ್ಯೇಕ ನಿಯಮಾವಳಿ ಇದೆ. ಮಾರಾಟಕ್ಕಾಗಿ ಕ್ರೀಮು ತಯಾರಿಸುವವರು ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಅನುಮತಿ ಪಡೆಯಬೇಕು. ಸ್ವಂತ ಘಟಕವಿಲ್ಲದವರು ಪರವಾನಗಿಯುಳ್ಳ ಮತ್ತೊಬ್ಬರ ಘಟಕದಲ್ಲಿ ತಯಾರಿಸಿಕೊಳ್ಳಲು ‘ಲೋನ್ ಲೈಸೆನ್ಸ್’ ಪಡೆಯಬಹುದು. ನನ್ನ ಸೊಸೆ ಹಿಡಿದಿರುವುದು ಈ ದಾರಿಯನ್ನೇ. ಸೀಸ, ಆರ್ಸೆನಿಕ್, ಪಾದರಸಗಳಿಗೆ ಮಿತಿಗಳಿವೆ. ಭಾರತೀಯ ಮಾನಕ ಬ್ಯೂರೊ ಸುರಕ್ಷಿತವಲ್ಲದ ವಸ್ತುಗಳ ಪಟ್ಟಿ ಮಾಡಿದೆ. ‘ಕ್ಲೀನ್’, ‘ಗ್ರೀನ್’, ‘ನ್ಯಾಚುರಲ್’ ಮೊದಲಾದ ಪದಗಳನ್ನು ಆಧಾರವಿಲ್ಲದೆ ಬಳಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ಆ ಮಾರ್ಗಸೂಚಿಯ ಕಾಳಜಿ ಪರಿಸರಕ್ಕೆ ಸಂಬಂಧಿಸಿದ ಹೇಳಿಕೆಗಳಿಗೆ ಸೀಮಿತ. ‘ನಮ್ಮ ಕ್ರೀಮು ಶುದ್ಧ, ಆದ್ದರಿಂದ ನಿಮ್ಮ ಚರ್ಮಕ್ಕೆ ಕ್ಷೇಮ’ ಎಂಬ ವಾದವನ್ನು ಒರೆಗೆ ಹಚ್ಚುವ ಅಳತೆಗೋಲು ಅದರಲ್ಲಿಲ್ಲ.

ಅಳತೆಗೋಲಿಲ್ಲದ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಷ್ಟು ಹಿಂದೆಯೇ ವಿವರಿಸಿದ್ದರು. ಹಳೆಯ ಕಾರುಗಳ ವ್ಯಾಪಾರದಲ್ಲಿ ಕಾರು ಚೆನ್ನಾಗಿದೆಯೋ ಇಲ್ಲವೋ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳಿಗೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಿರುತ್ತಾನೆ. ಒಳ್ಳೆಯ ಕಾರಿನ ಒಡೆಯನಿಗೆ ಆ ಬೆಲೆ ಕಟ್ಟುವುದಿಲ್ಲ. ಆತ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಉಳಿಯುವುದು ಕಳಪೆ ಕಾರುಗಳು. ಈ ಒಳನೋಟಕ್ಕಾಗಿ ಅವರು 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಕ್ರೀಮಿನ ಡಬ್ಬಿ ಹಳೆಯ ಕಾರಿಗಿಂತ ಕಷ್ಟದ ಸರಕು. ಕಾರು ಕೆಟ್ಟರೆ ರಸ್ತೆಯಲ್ಲಿ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ. ಕ್ರೀಮು ಕೆಟ್ಟದ್ದು, ಕೊಂಡು ಎಷ್ಟು ದಿನ ಬಳಸಿದರೂ, ಕಣ್ಣಿಗೆ ಕಾಣದೇ ಹೋಗಬಹುದು.

ಇನ್ನೊಂದು ತೊಡಕಿದೆ. ಇಲ್ಲಿ ‘ಶುದ್ಧ’ ಎಂಬುದರ ಅರ್ಥವನ್ನು ಬಹುಪಾಲು ‘ಇಲ್ಲ’ಗಳಿಂದಲೇ ಕಟ್ಟಲಾಗಿದೆ. ಪ್ಯಾರಾಬೆನ್ ಇಲ್ಲ, ಸಲ್ಫೇಟ್ ಇಲ್ಲ, ‘ಕೆಮಿಕಲ್’ ಇಲ್ಲ. ನೀರೂ ಒಂದು ರಾಸಾಯನಿಕ ಎಂಬುದನ್ನು ಶಾಲೆಯಲ್ಲಿ ಓದಿದವರೂ ಈ ಕೊನೆಯ ಮಾತಿಗೆ ತಲೆದೂಗುತ್ತಾರೆ. ಪ್ಯಾರಾಬೆನ್‌ಗಳ ಕಥೆಯನ್ನೇ ನೋಡಿ. 2004ರಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪಾ ಡಾರ್ಬ್ರೆ ಮತ್ತು ಸಂಗಡಿಗರು ಸ್ತನದ ಗೆಡ್ಡೆಗಳ ಅಂಗಾಂಶದಲ್ಲಿ ಈ ಸಂರಕ್ಷಕಗಳು ಪತ್ತೆಯಾದುದನ್ನು ವರದಿ ಮಾಡಿದರು. ಅವುಗಳಿಂದಲೇ ಗೆಡ್ಡೆ ಉಂಟಾಯಿತೆಂದು ಆ ಅಧ್ಯಯನ ಸಾಧಿಸಿರಲಿಲ್ಲ. ಆದರೆ ಭಯ ಹರಡಲು ಅಷ್ಟೇ ಸಾಕಾಯಿತು. ಐರೋಪ್ಯ ಒಕ್ಕೂಟ ವಿವೇಚನೆಯಿಂದ ನಡೆದುಕೊಂಡಿತು: ಐದು ಬಗೆಯ ಪ್ಯಾರಾಬೆನ್‌ಗಳನ್ನು 2014ರಲ್ಲಿ ನಿಷೇಧಿಸಿ, ಉಳಿದವುಗಳಿಗೆ ಮಿತಿ ನಿಗದಿಪಡಿಸಿತು. ಮಾರುಕಟ್ಟೆ ಮಾತ್ರ ಅಷ್ಟಕ್ಕೆ ನಿಲ್ಲಲಿಲ್ಲ. ಹಲವು ತಯಾರಕರು ಪ್ಯಾರಾಬೆನ್ ಬಿಟ್ಟು ಮೀಥೈಲ್‌ಐಸೊಥಯಾಜೋಲಿನೋನ್ ಎಂಬ ಬದಲಿ ಸಂರಕ್ಷಕವನ್ನು ಹಿಡಿದರು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಚರ್ಮತಜ್ಞರ ಸಂಘಟನೆಯೊಂದು ಅದನ್ನು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಚರ್ಮದ ಮೇಲೆ ಉಳಿಯುವ ಕ್ರೀಮುಗಳಲ್ಲಿ ಅದರ ಬಳಕೆಯನ್ನು ಯುರೋಪ್ ಮುಂದೆ ನಿಷೇಧಿಸಬೇಕಾಯಿತು. ‘ಇಲ್ಲ’ಗಳ ಪಟ್ಟಿ ಉದ್ದವಾದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

‘ನಮ್ಮ ಅಜ್ಜಿಯರು ಯಾವ ಪರವಾನಗಿ ಪಡೆದು ಸೀಗೆಕಾಯಿ ಕುಟ್ಟಿದ್ದರು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಜ್ಜಿ ಕುಟ್ಟಿದ ಪುಡಿ ಒಣಪುಡಿ. ಕಲಸಿದ್ದನ್ನು ಅಂದೇ ತಲೆಗೆ ಹಚ್ಚಿ ಮುಗಿಸುತ್ತಿದ್ದರು. ಅದನ್ನು ಆರು ತಿಂಗಳು ಡಬ್ಬಿಯಲ್ಲಿಟ್ಟು, ಮುಖ ನೋಡದವರಿಗೆ ಮಾರಲಿಲ್ಲ. ಮನೆಯಲ್ಲಿ ಪರಿಚಯ ಮಾಡುತ್ತಿದ್ದ ಕೆಲಸವನ್ನು ಮಾರುಕಟ್ಟೆಯಲ್ಲಿ ಪರೀಕ್ಷೆಯೇ ಮಾಡಬೇಕು. ಪರೀಕ್ಷೆ ತಪ್ಪಿಸಿಕೊಂಡ ಸರಕು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ನೆರೆಯ ಕೇರಳದಲ್ಲಿ ಕಂಡಿದ್ದೇವೆ. ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ವೈದ್ಯರು ಒಂದು ವಿರಳ ಬಗೆಯ ಮೂತ್ರಪಿಂಡದ ಕಾಯಿಲೆಯ ಜಾಡು ಹಿಡಿದು ಹೊರಟಾಗ, ರೋಗಿಗಳಲ್ಲಿ ಹೆಚ್ಚಿನವರು ಪಾದರಸ ಬೆರೆತ, ಬಿಳುಪು ತರುವುದೆಂದು ಮಾರಲಾದ ಕ್ರೀಮುಗಳನ್ನು ಬಳಸಿದ್ದು 2023ರಲ್ಲಿ ಬೆಳಕಿಗೆ ಬಂತು. ಪಾದರಸಕ್ಕೆ ಕಾನೂನಿನ ಮಿತಿ ಇತ್ತು. ಆ ಡಬ್ಬಿಗಳನ್ನು ತೆರೆದು ನೋಡಬೇಕಾದ ಕಣ್ಣುಗಳು ಸಾಕಷ್ಟು ಇರಲಿಲ್ಲ.

ಈಗ ಪ್ರಾಮಾಣಿಕ ತಯಾರಕಿಯ ಲೆಕ್ಕದ ಪುಸ್ತಕವನ್ನು ತೆರೆಯೋಣ. ನನ್ನ ಸೊಸೆ 450 ರೂಪಾಯಿಗೆ ಮಾರುವ ಒಂದು ಡಬ್ಬಿಯಲ್ಲಿ ಕಚ್ಚಾವಸ್ತುವಿಗೆ ಸುಮಾರು 90 ರೂಪಾಯಿ, ಡಬ್ಬಿ ಮತ್ತು ಲೇಬಲ್ಲಿಗೆ 50, ಘಟಕದ ತಯಾರಿಕಾ ಶುಲ್ಕ 40. ಉಳಿದುದರಲ್ಲಿ ದೊಡ್ಡ ಪಾಲು ಆನ್‌ಲೈನ್ ಮಳಿಗೆಯ ಕಮಿಷನ್, ಜಾಹೀರಾತು, ಕೊರಿಯರ್ ಮತ್ತು ತೆರಿಗೆಗೆ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಶಾಂಪೂ, ಕೇಶತೈಲಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದ್ದರೂ ಚರ್ಮದ ಕ್ರೀಮು ಶೇ 18ರಲ್ಲೇ ಉಳಿದಿದೆ. ಇವೆಲ್ಲ ಕಳೆದ ಮೇಲೆ ಕೈಗೆ ಸಿಗುವ ಅಲ್ಪಸ್ವಲ್ಪದಲ್ಲೇ ಪರೀಕ್ಷೆಯ ವೆಚ್ಚವೂ ಹೊರಡಬೇಕು. ಕ್ರೀಮಿಗೆ ಬೇಕೆಂದೇ ಸೂಕ್ಷ್ಮಜೀವಿಗಳನ್ನು ಸೇರಿಸಿ, ಸಂರಕ್ಷಕವು ಅವುಗಳನ್ನು ತಡೆಯುತ್ತದೆಯೇ ಎಂದು 28 ದಿನ ಗಮನಿಸುವ ಪರೀಕ್ಷೆಯೊಂದಿದೆ. ಅದರ ಶುಲ್ಕ ಒಂದು ಲಕ್ಷ ಡಬ್ಬಿ ಮಾಡುವವರಿಗೂ ಅಷ್ಟೇ, 300 ಡಬ್ಬಿ ಮಾಡುವವರಿಗೂ ಅಷ್ಟೇ. ದೊಡ್ಡವರ ಡಬ್ಬಿಗೆ ಪೈಸೆಗಳಲ್ಲಿ ತಗಲುವ ವೆಚ್ಚ ಸಣ್ಣವರ ಡಬ್ಬಿಗೆ ಹತ್ತಾರು ರೂಪಾಯಿಗಳಲ್ಲಿ ತಗಲುತ್ತದೆ. ಹೀಗೆ ಸ್ವತಂತ್ರ ತಯಾರಕಿ ಎರಡು ಕಡೆಯಿಂದ ಇಕ್ಕಟ್ಟಿಗೆ ಸಿಲುಕುತ್ತಾಳೆ. ಒಂದು ಕಡೆ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯಬಲ್ಲವರು. ಇನ್ನೊಂದು ಕಡೆ ಪರವಾನಗಿಯೂ ಇಲ್ಲದೆ, ಪರೀಕ್ಷೆಯೂ ಇಲ್ಲದೆ ಅಡುಗೆಮನೆಯಿಂದ ಮಾರುವವರು. ‘ಶುದ್ಧ’ ಎಂಬ ಪದ ಮೂವರ ಲೇಬಲ್ಲಿನ ಮೇಲೂ ಒಂದೇ ಅಳತೆಯ ಅಕ್ಷರಗಳಲ್ಲಿದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ತೊಂಬತ್ತರ ದಶಕದಲ್ಲಿ ನಾನು ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಸಾಬೂನು ತಯಾರಿಸುತ್ತಿದ್ದ ಮಹಿಳೆಯರ ಸಂಘವೊಂದು ನೆರವು ಕೋರಿ ಬಂದಿತ್ತು. ಯಾವ ನಮೂನೆ ತುಂಬಬೇಕೆಂದು ಹೇಳಿದೆ. ಅದರೊಡನೆ ಲಗತ್ತಿಸಬೇಕಾದ ಪರೀಕ್ಷಾ ವರದಿಯನ್ನು ಎಲ್ಲಿ, ಯಾರಿಂದ, ಯಾವ ಹಣದಿಂದ ತರಬೇಕೆಂದು ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಕಡತ ಮೂರು ಬಾರಿ ಆಕ್ಷೇಪಣೆಯೊಡನೆ ಹಿಂದಿರುಗಿತು. ನಾಲ್ಕನೆಯ ಬಾರಿ ಅವರು ಬರಲಿಲ್ಲ. ನಿಯಮದ ಪ್ರಕಾರ ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ. ಕೆಲವು ತಿಂಗಳ ನಂತರ ಅದೇ ಸಾಬೂನು ಸಂತೆಯಲ್ಲಿ ಮಾರಾಟವಾಗುತ್ತಿರುವುದನ್ನು ಕಂಡೆ. ಅದರ ಮೇಲೆ ಲೇಬಲ್ಲೇ ಇರಲಿಲ್ಲ. ನಿಯಮ ಪಾಲಿಸಲು ದಾರಿ ತೋರದ ಆಡಳಿತ, ನಿಯಮ ಮುರಿಯುವ ದಾರಿಯನ್ನು ತಾನಾಗಿಯೇ ತೆರೆದಿಡುತ್ತದೆ ಎಂಬುದನ್ನು ಅಂದು ಕಲಿತೆ.

ದಾರಿ ತೋರುವುದು ಹೇಗೆಂಬುದಕ್ಕೆ ನಮ್ಮ ನಾಡಿನಲ್ಲೇ ನೂರು ವರ್ಷಗಳ ಹಿಂದಿನ ಮಾದರಿಯಿದೆ. ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ರಫ್ತು ನಿಂತುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಸಂಸ್ಥಾನವು ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯಲು ನಿರ್ಧರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಪ್ರಯೋಗಗಳಿಂದ ರೂಪಿಸಿದರು. ಸಾಬೂನಿನ ತಂತ್ರ ಕಲಿತು ಬರಲು ಎಸ್.ಜಿ. ಶಾಸ್ತ್ರಿ ಎಂಬ ತರುಣ ರಸಾಯನಜ್ಞರನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಹೀಗೆ. ಅಂದು ಸಂಸ್ಥಾನ ಮೊದಲು ಹೂಡಿದ ಬಂಡವಾಳ ಜಾಹೀರಾತಿನಲ್ಲಲ್ಲ, ಪ್ರಯೋಗಾಲಯದಲ್ಲಿ ಎಂಬುದನ್ನು ಗಮನಿಸಬೇಕು.

ಅದೇ ಪರಂಪರೆಯ ವಾರಸುದಾರ ಸಂಸ್ಥೆಯಾದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ 2025ರಲ್ಲಿ ಚಿತ್ರನಟಿಯೊಬ್ಬರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿಕೊಂಡಾಗ, ನಟಿ ಕನ್ನಡದವರೇ ಅಲ್ಲವೇ ಎಂಬ ಬಗ್ಗೆ ನಾಡಿನಲ್ಲಿ ಬಿರುಸಿನ ಚರ್ಚೆ ನಡೆಯಿತು. ಲಾಭದಲ್ಲಿರುವ ಸಂಸ್ಥೆ ತನ್ನ ಮಾರುಕಟ್ಟೆಯನ್ನು ವಿಸ್ತರಿಸಿಕೊಳ್ಳುವುದನ್ನು ಆಕ್ಷೇಪಿಸಲಾಗದು. ಆದರೆ ಆ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಸರ್ಕಾರಿ ಒಡೆತನದ ಈ ಸಂಸ್ಥೆಯ ಪರಿಣತಿ ಮತ್ತು ಪರೀಕ್ಷಾ ಸೌಲಭ್ಯದ ಒಂದು ಪಾಲು ರಾಜ್ಯದ ನೂರಾರು ಸಣ್ಣ ತಯಾರಕರಿಗೆ ರಿಯಾಯಿತಿ ದರದಲ್ಲಿ ಏಕೆ ಸಿಗಬಾರದು?

ಸರ್ಕಾರವನ್ನು ಇದರಲ್ಲಿ ಎಳೆದು ತರುವುದೇಕೆ, ಒಳ್ಳೆಯ ಉದ್ಯಮಿಗಳು ತಮ್ಮ ಮೌಲ್ಯಗಳನ್ನು ತಾವೇ ಕಾಪಾಡಿಕೊಳ್ಳಲಿ ಎಂದು ಕೆಲವರು ಹೇಳಬಹುದು. ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಉದ್ಯಮಿಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಆನಿಟಾ ರಾಡಿಕ್ 1976ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ‘ಬಾಡಿ ಶಾಪ್’ನ ಮೊದಲ ಅಂಗಡಿ ತೆರೆದರು. ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳ ಪರೀಕ್ಷೆ ಕೂಡದೆಂಬ ಚಳವಳಿಗೆ ಆ ಅಂಗಡಿಗಳು ವೇದಿಕೆಯಾದವು. 2006ರಲ್ಲಿ ಸಂಸ್ಥೆ 65.2 ಕೋಟಿ ಪೌಂಡಿಗೆ ಫ್ರಾನ್ಸಿನ ಲೊರಿಯಾಲ್ ಪಾಲಾದಾಗ ಹಳೆಯ ಅಭಿಮಾನಿಗಳು ಮುನಿದರು. ಮುಂದಿನ ವರ್ಷ ರಾಡಿಕ್ ತೀರಿಕೊಂಡರು. 2017ರಲ್ಲಿ ಸಂಸ್ಥೆ ಬ್ರೆಜಿಲಿನ ನಾಚುರಾ ಕಂಪನಿಗೆ, ಅನಂತರ ಹೂಡಿಕೆ ಸಂಸ್ಥೆಯೊಂದಕ್ಕೆ ಕೈ ಬದಲಾಯಿಸಿತು; 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಂಗಡಿಗಳ ವ್ಯವಹಾರ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಬ್ರ್ಯಾಂಡ್ ಹೀಗೆ ಅಲೆದಾಡಿತು. ಆದರೆ ರಾಡಿಕ್ ಹೋರಾಡಿದ ವಿಚಾರ ಉಳಿಯಿತು; ಏಕೆಂದರೆ ಅದು ಕಾನೂನಾಯಿತು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟವನ್ನು ಐರೋಪ್ಯ ಒಕ್ಕೂಟ 2013ರಲ್ಲಿ ಪೂರ್ಣವಾಗಿ ನಿಷೇಧಿಸಿತು. ಭಾರತ 2014ರಲ್ಲಿ ಅಂಥ ಪರೀಕ್ಷೆಯನ್ನೂ, ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನೂ ನಿಷೇಧಿಸಿತು.

ನಮ್ಮಲ್ಲೂ ಇದೇ ಗಾಳಿ ಬೀಸುತ್ತಿದೆ. ಜೈಪುರದ ಇಬ್ಬರು ಸೋದರರು 2020ರಲ್ಲಿ ಕಟ್ಟಿದ ‘ಮಿನಿಮಲಿಸ್ಟ್’ ಬ್ರ್ಯಾಂಡಿನ ಶೇ 90.5ರಷ್ಟು ಪಾಲನ್ನು ಖರೀದಿಸುವುದಾಗಿ ಹಿಂದೂಸ್ತಾನ್ ಯುನಿಲಿವರ್ 2025ರ ಜನವರಿಯಲ್ಲಿ ಪ್ರಕಟಿಸಿತು. ಡಬ್ಬಿಯಲ್ಲಿರುವ ವಸ್ತುಗಳ ಹೆಸರು ಮತ್ತು ಪ್ರಮಾಣವನ್ನು ಮುಚ್ಚುಮರೆಯಿಲ್ಲದೆ ಹೇಳುವುದೇ ಆ ಬ್ರ್ಯಾಂಡಿನ ಬಲವಾಗಿತ್ತು. ಕಟ್ಟಿದವರು ಮಾರುವುದು ತಪ್ಪಲ್ಲ. ಶ್ರಮಕ್ಕೆ ಪ್ರತಿಫಲ ಸಿಗಬೇಕು. ನಾನು ಹೇಳುವುದಿಷ್ಟೇ: ಒಡೆತನ ಬದಲಾಗಬಲ್ಲ ವಸ್ತು. ಕೊಳ್ಳುವವರ ಚರ್ಮದ ಕ್ಷೇಮವನ್ನು ಅದರ ಕೊರಳಿಗೆ ಕಟ್ಟಲಾಗದು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ‘ಇಲ್ಲ’ಗಳ ಜಾಹೀರಾತಿಗೆ ಕಡಿವಾಣ. ಕಾನೂನು ಒಪ್ಪಿರುವ ವಸ್ತುವನ್ನು ಹೀಗಳೆದು ತನ್ನ ಸರಕನ್ನು ಮೆರೆಸುವಂತಿಲ್ಲ ಎಂದು ಐರೋಪ್ಯ ಒಕ್ಕೂಟ 2013ರಲ್ಲೇ ನಿಯಮ ಮಾಡಿದೆ. ನಮ್ಮ 2020ರ ನಿಯಮಾವಳಿಗೂ ಇಂಥದೊಂದು ತಿದ್ದುಪಡಿ ಬೇಕು. ‘ಶುದ್ಧ’ ಎನ್ನುವವರು ಯಾವ ಅರ್ಥದಲ್ಲಿ ಶುದ್ಧ ಎಂಬುದನ್ನು ಲೇಬಲ್ಲಿನಲ್ಲೇ ಹೇಳುವಂತಾಗಬೇಕು. ಎರಡನೆಯದಾಗಿ, ಪರೀಕ್ಷೆಯನ್ನು ಸಾರ್ವಜನಿಕ ಸೌಲಭ್ಯವಾಗಿ ನೋಡಬೇಕು. ರಾಜ್ಯದ ಪ್ರತಿ ವಿಭಾಗದಲ್ಲೂ ವಿಶ್ವವಿದ್ಯಾಲಯಗಳ, ಫಾರ್ಮಸಿ ಕಾಲೇಜುಗಳ ಪ್ರಯೋಗಾಲಯಗಳಿವೆ. ಅವುಗಳಲ್ಲಿ ಅರ್ಹವಾದವನ್ನು ಗುರುತಿಸಿ, ಅತಿಸಣ್ಣ ಉದ್ಯಮಗಳ ಪರೀಕ್ಷಾ ಶುಲ್ಕದ ಬಹುಪಾಲನ್ನು ಸರ್ಕಾರ ಭರಿಸಬೇಕು. ಯಂತ್ರಕ್ಕೆ ಸಹಾಯಧನ ಕೊಡುವ ಯೋಜನೆಗಳು ಹಲವಿವೆ; ಯಂತ್ರದಿಂದ ಹೊರಬಂದ ಸರಕನ್ನು ಪರೀಕ್ಷಿಸಲು ಕೊಡುವ ನೆರವು ಅದಕ್ಕಿಂತ ಉಪಯುಕ್ತ. ಮೂರನೆಯದಾಗಿ, ಪರವಾನಗಿಯುಳ್ಳ ಸಾಮೂಹಿಕ ತಯಾರಿಕಾ ಘಟಕಗಳು ತಾಲ್ಲೂಕು ಕೇಂದ್ರಗಳ ಸಮೀಪಕ್ಕೆ ಬರಬೇಕು. ಶಿರಸಿಯ ಮುರುಗಲ ತುಪ್ಪ ಕ್ರೀಮಾಗಲು ಹುಬ್ಬಳ್ಳಿಗೇ ಏಕೆ ಹೋಗಬೇಕು? ನಾಲ್ಕನೆಯದಾಗಿ, ಪ್ರತಿ ತಂಡದ ಪರೀಕ್ಷಾ ವರದಿಯನ್ನು ಕೊಳ್ಳುವವರು ತಂಡದ ಸಂಖ್ಯೆಯಿಂದಲೇ ನೋಡುವಂತಾಗಬೇಕು.

ಇದು ಮತ್ತೊಂದು ಇನ್‌ಸ್ಪೆಕ್ಟರ್ ರಾಜ್ಯಕ್ಕೆ ದಾರಿಯಲ್ಲವೇ ಎಂಬ ಆತಂಕ ನನಗೆ ಅರ್ಥವಾಗುತ್ತದೆ. ಆ ರಾಜ್ಯದ ಪ್ರಜೆಯೂ ಆಗಿದ್ದವನು, ಸೇವಕನೂ ಆಗಿದ್ದವನು ನಾನು. ಆದರೆ ಪರೀಕ್ಷೆ ಬೇರೆ, ತಪಾಸಣೆ ಬೇರೆ. ತಪಾಸಣಾಧಿಕಾರಿಯ ಮುಂದೆ ತಯಾರಕಿ ಅರ್ಜಿದಾರಳು. ಪರೀಕ್ಷಾ ವರದಿ ಕೈಯಲ್ಲಿದ್ದಾಗ ಅದೇ ತಯಾರಕಿ ಸಾಕ್ಷ್ಯ ಹೊಂದಿದವಳು. ಒಳ್ಳೆಯ ಸರಕು ತಾನು ಒಳ್ಳೆಯದೆಂದು ಅಗ್ಗವಾಗಿ ರುಜುವಾತು ಮಾಡಬಲ್ಲ ವ್ಯವಸ್ಥೆಯಿದ್ದರೆ ಅಕರ್ಲಾಫ್ ಹೇಳಿದ ರೋಗ ಅಂಟುವುದಿಲ್ಲ.

ಮತ್ತೆ ಶಿರಸಿಗೆ ಬರುತ್ತೇನೆ. ಕ್ರೀಮು ಈಗ ಮರಳಿ ಮಾರುಕಟ್ಟೆಗೆ ಬಂದಿದೆ. ಅದರ ಲೇಬಲ್ಲಿನಲ್ಲಿ ಸೋಡಿಯಂ ಬೆಂಜೊಯೇಟ್ ಮತ್ತು ಪೊಟ್ಯಾಶಿಯಂ ಸಾರ್ಬೇಟ್ ಎಂಬ ಎರಡು ಸಂರಕ್ಷಕಗಳ ಹೆಸರಿವೆ; ಕೆಳಗೆ ‘ಇದರಲ್ಲಿ ನೀರಿದೆ, ಆದ್ದರಿಂದ ಸಂರಕ್ಷಕವೂ ಇದೆ’ ಎಂಬ ಒಂದು ಸಾಲು. ಆ ಸಾಲನ್ನು ಓದಿ ಕೊಳ್ಳದೆ ಹೋಗುವವರು ಇದ್ದಾರಂತೆ. ಅವರು ‘ಏನೂ ಇಲ್ಲ’ ಎಂದು ಬರೆದ ಡಬ್ಬಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಅಂದು ಹಣ ಹಿಂದೆ ಪಡೆದ 140 ಮಂದಿಯಲ್ಲಿ 52 ಮಂದಿ ಮರಳಿ ಬಂದಿದ್ದಾರೆ. ‘ಸಾಲದು ಮಾವ, ಆದರೆ ಇವರಿಗೆ ನಾನು ಏನನ್ನೂ ಮುಚ್ಚಿಡಬೇಕಾಗಿಲ್ಲ’ ಎಂದಳು. 52 ಮಂದಿಯ ವಿಶ್ವಾಸದಿಂದ ಒಂದು ಉದ್ಯಮ ಎಷ್ಟು ಕಾಲ ಉಸಿರಾಡಬಲ್ಲದು ಎಂಬ ಲೆಕ್ಕ ನನಗೆ ಗೊತ್ತು, ಅವಳಿಗೂ ಗೊತ್ತು. ಆ ಲೆಕ್ಕವನ್ನು ಬದಲಿಸುವ ಶಕ್ತಿ ಅವಳ ಕೈಯಲ್ಲಿಲ್ಲ. ಲೇಬಲ್ ಓದಿ ಆರಿಸುವ ನಮ್ಮ ಕೈಯಲ್ಲಿ ಸ್ವಲ್ಪವಿದೆ, ನಿಯಮ ಬರೆಯುವವರ ಕೈಯಲ್ಲಿ ಬಹಳಷ್ಟಿದೆ.